ಜೆಸಿಬಿಯೊಳಗಿನ ದನಿ

ದೆವ್ವ, ಮಾಯೆ ಎಂದು ಯಾರಾದರೂ ಬಾಯಿ ತೆರೆದರೆ ಎದ್ದು ಹೋಗುತ್ತಿದ್ದವನು ನಾನು. ನಲವತ್ತು ದಾಟಿದ ಮೇಲೂ ಹಾಗೇ ಇದ್ದೆ. ಈಗ ಸುಮ್ಮನೆ ಕೂತು ಕೇಳುತ್ತೇನೆ. ಕಾರಣ ಹೇಳಿಬಿಡುತ್ತೇನೆ, ನಂಬುವುದು ಬಿಡುವುದು ನಿಮಗೆ ಬಿಟ್ಟಿದ್ದು.

ಕೆಲವು ವರ್ಷಗಳ ಹಿಂದೆ ಸೇಡಂನಿಂದ ಕೊಡ್ಲಿ ಕಡೆ ಹೋಗುವ ರಸ್ತೆಯಲ್ಲಿ ಸಣ್ಣದೊಂದು ಸೇತುವೆಯ ಕೆಲಸ ನಡೆದಿತ್ತು. ನಾನು ಅಲ್ಲಿ ಸೂಪರ್‌ವೈಸರ್. ಸಂಜೆಯಾದರೆ ಜೆಸಿಬಿ, ರೋಲರ್, ಮಿಕ್ಸರ್‌ಗಳನ್ನು ಒತ್ತೊತ್ತಾಗಿ ಸುತ್ತ ನಿಲ್ಲಿಸಿ, ಸಣ್ಣ ಯಂತ್ರಗಳನ್ನು ನಡುವೆ ಇಟ್ಟು, ಬ್ಯಾಟರಿ ಬಿಚ್ಚಿಕೊಂಡು ಹೋಗುತ್ತಿದ್ದೆವು. ಆದರೂ ಒಮ್ಮೆ ಜನರೇಟರ್ ಕಳುವಾಯಿತು. ಇನ್ನು ಏನೇ ಹೋದರೂ ಕಾವಲಿನ ಮಶಾಕ್ ಚಾಚಾನನ್ನು ತೆಗೆದುಹಾಕುತ್ತೇನೆ ಎಂದರು ಗುತ್ತಿಗೆದಾರರು. ಅರವತ್ತು ದಾಟಿದ ಮನುಷ್ಯ, ಪಾಪ. ಮನೆ ನಡೆಯುತ್ತಿದ್ದುದೇ ಆ ಪಗಾರದ ಮೇಲೆ.

ನನ್ನ ಕೆಟ್ಟ ಬುದ್ಧಿ ನೋಡಿ. ಚಾಚಾ ನಿದ್ದೆ ಹೊಡೆಯುತ್ತಾರೆ ಎಂಬ ಗುಮಾನಿಯಿಂದ ಒಂದು ರಾತ್ರಿ ಎರಡು ಗಂಟೆಗೆ ನಾನೇ ಕಳ್ಳನ ಹಾಗೆ ಹೋದೆ. ನಡುವೆ ಇಟ್ಟಿದ್ದ ಕಾಂಕ್ರೀಟ್ ವೈಬ್ರೇಟರ್ ಯಂತ್ರ ಎತ್ತಿಕೊಂಡು ಬಂದು, ಬೆಳಿಗ್ಗೆ ಅವರ ಮುಂದಿಟ್ಟು ಬೈಯಬೇಕೆಂದಿದ್ದೆ. ಇನ್ನೇನು ಕೈ ಹಾಕಬೇಕು, ಜೆಸಿಬಿಯ ಕ್ಯಾಬಿನ್‌ನಲ್ಲಿ ಯಾರೋ ಕೆಮ್ಮಿದರು.

“ಸಾಹೇಬ್ರೇನ್ರಿ? ನಾ ಎಚ್ಚರ ಅದೀನ್ರಿ. ಹೋಗಿ ಮಲಕೋರಿ.”

ಚಾಚಾನ ದನಿಯೇ, ಅನುಮಾನವೇ ಇಲ್ಲ. ನಾಚಿಕೆಯಾಯಿತು. ತಲೆ ಎತ್ತಿ ನೋಡದೆ ಬಂದುಬಿಟ್ಟೆ.

ಬೆಳಿಗ್ಗೆ ಚಾಚಾ ಓಡುತ್ತ ಬಂದು ನನ್ನ ಕೈ ಹಿಡಿದುಕೊಂಡರು. “ತಪ್ಪಾಯ್ತ್ರಿ ಸಾಹೇಬ್ರ. ಮಗಳಿಗಿ ಹೆರಿಗಿ ಬ್ಯಾನಿ ಹತ್ತಿದ್ವು. ಸಂಜಿಗೇ ದವಾಖಾನಿಗಿ ಹೋಗಿದ್ದೆ, ಈಗ ಬರಾಕತ್ತೀನಿ. ಕೇಳಿದ್ರ ನೀವು ಬಿಡಂಗಿಲ್ಲಂತ ಅಂಜಿದೆ.”

“ಚಾಚಾ, ರಾತ್ರಿ ನನ್ನ ಜೋಡಿ ಮಾತಾಡಿದವರು ಯಾರು ಮತ್ತ?” ಎಂದೆ. ನಾನು ಚುಚ್ಚಿ ಮಾತಾಡುತ್ತಿದ್ದೇನೆ ಎಂದುಕೊಂಡು ಅವರು ಮತ್ತೊಮ್ಮೆ ತಪ್ಪಾಯಿತೆಂದರು. ಮಧ್ಯಾಹ್ನ ಮಗು ನೋಡುವ ನೆಪದಲ್ಲಿ ಆಸ್ಪತ್ರೆಗೆ ಹೋದೆ. ಮುದುಕ ಬೆಳಗಿನ ತನಕ ಬಾಗಿಲು ಬಿಟ್ಟು ಕದಲಲಿಲ್ಲ ಎಂದಳು ನರ್ಸ್.

ಯಾರೋ ಚಾಡಿ ಹೇಳಿದ್ದರು. ಸಂಜೆ ಗುತ್ತಿಗೆದಾರರು ಚಾಚಾನನ್ನು ಎದುರಿಗೇ ನಿಲ್ಲಿಸಿಕೊಂಡು ನನ್ನನ್ನು ಕೇಳಿದರು: “ರಾತ್ರಿ ಇಂವ ಇಲ್ಲಿ ಇರಲಿಲ್ಲಂತ. ಖರೇ ಏನ್ರಿ?”

“ಎರಡು ಗಂಟಿಗಿ ನಾನೇ ಬಂದಿದ್ದೆ. ಕ್ಯಾಬಿನ್‌ನ್ಯಾಗಿಂದ ಮಾತಾಡಿಸಿದ್ರು,” ಎಂದೆ. ಚಾಚಾನ ಕೆಲಸ ಉಳಿಯಿತು.

ಸಾಮಾನು ಒಂದೂ ಹೋಗಿರಲಿಲ್ಲ. ಕ್ಯಾಬಿನ್‌ನಲ್ಲಿ ಇದ್ದವರು ಯಾರು ಎಂದು ಎಷ್ಟು ಯೋಚಿಸಿದರೂ ಬಗೆಹರಿದಿಲ್ಲ. ಚಾಚಾ ಈಗಲೂ ಸಿಕ್ಕಾಗಲೆಲ್ಲ, ತಮಗೋಸ್ಕರ ನಾನು ಸುಳ್ಳು ಹೇಳಿದೆ ಎಂದು ಕಣ್ಣೀರು ಹಾಕಿ ಕೈ ಮುಗಿಯುತ್ತಾರೆ. ನಾನು ಹೇಳಿದ್ದು ಸುಳ್ಳಲ್ಲ ಎಂದು ಅವರಿಗೆ ಹೇಗೆ ಹೇಳಲಿ?