ಚಿತ್ತಾಪುರದ ಮೂಡಗಾಳಿ

ಜುಲೈ ತಿಂಗಳಲ್ಲಿ ಧೂಳಿಗೆ ಹೆದರಿ ಮುಖಕ್ಕೆ ಬಟ್ಟೆ ಸುತ್ತಿಕೊಳ್ಳಬೇಕಾಗುತ್ತದೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ವಾಡಿ ಜಂಕ್ಷನ್ನಿನಲ್ಲಿ ರೈಲು ಇಳಿದಾಗ ಕಪ್ಪು ಮೋಡಗಳು ತಲೆಯ ಮೇಲೆ ಪಡುವಣದಿಂದ ಮೂಡಣಕ್ಕೆ ಓಡುತ್ತಿದ್ದವು. ಕಡಲತೀರದ ನಮ್ಮ ಗಂಗೊಳ್ಳಿಯಲ್ಲಿ ಅಂಥ ಮೋಡ ಕಂಡರೆ ಅಂಗಳದಲ್ಲಿ ಒಣಗಲು ಹಾಕಿದ್ದನ್ನೆಲ್ಲ ಬಾಚಿಕೊಂಡು ಒಳಗೆ ಓಡುತ್ತೇವೆ. ನಾನು ಕೊಡೆ ಬಿಚ್ಚಿ ನಿಂತೆ. ಆಟೋದವನು ನನ್ನನ್ನೂ ಕೊಡೆಯನ್ನೂ ಒಮ್ಮೆ ನೋಡಿ, ಬಿಸಿಲು ಅಷ್ಟು ಹತ್ತುತ್ತದೆಯೇ ಎಂದು ಕೇಳಿದ. ಅವನು ತಮಾಷೆ ಮಾಡುತ್ತಿರಲಿಲ್ಲ. ಆ ದಿನ ಒಂದು ಹನಿಯೂ ಬೀಳಲಿಲ್ಲ. ಮುಂದಿನ ಹನ್ನೊಂದು ದಿನವೂ ಬೀಳಲಿಲ್ಲ. ಮೋಡಗಳು ಮಾತ್ರ ಹಾಗೆಯೇ ಓಡುತ್ತಿದ್ದವು.

ನಾನು ಬಂದದ್ದು ಚಿತ್ತಾಪುರದ ಹೊರವಲಯದಲ್ಲಿರುವ ಒಂದು ಸಣ್ಣ ಹವಾಮಾನ ಕೇಂದ್ರಕ್ಕೆ, ವೀಕ್ಷಕಿಯಾಗಿ. ತಂತಿಬೇಲಿಯೊಳಗೆ ಮಳೆಮಾಪಕ, ಉಷ್ಣಮಾಪಕಗಳ ಪೆಟ್ಟಿಗೆ, ಕಂಬದ ಮೇಲೆ ಗಾಳಿಯ ದಿಕ್ಕು ತೋರಿಸುವ ಬಾಣ. ಬೆಳಿಗ್ಗೆ ಎಂಟೂವರೆಗೆ ಮಳೆ ಅಳೆದು ಬರೆಯುವುದು, ಗಾಳಿ ನೋಡುವುದು, ಮಧ್ಯಾಹ್ನ ಮತ್ತೊಮ್ಮೆ ನೋಡುವುದು, ಮೇಲಿನವರಿಂದ ಬಂದ ಮುನ್ಸೂಚನೆಯನ್ನು ರೈತರಿಗೆ ತಿಳಿಸುವುದು. ಇಷ್ಟೇ ಕೆಲಸ. ಇಲ್ಲಿಯ ಮಾತಿನಲ್ಲಿ ಗಾಳಿಗೂ ಹವಾಮಾನಕ್ಕೂ ‘ಹವಾ’ ಎಂದೇ ಹೆಸರು. ಹಾಗಾಗಿ ವಾರ ಕಳೆಯುವುದರೊಳಗೆ ನಾನು ಹವಾ ಮೇಡಂ ಆದೆ.

ಮನೆ ಸಿಗುವುದು ಸುಲಭವಾಗಲಿಲ್ಲ. ನಿವೃತ್ತ ಶಿಕ್ಷಕರಾದ ಶರಣಪ್ಪ ಮಾಸ್ತರರ ಮನೆಯ ಮುಂಭಾಗದ ಎರಡು ಕೋಣೆ ಖಾಲಿ ಇದ್ದವು. ಗೋಡೆಯೂ ಕಲ್ಲು, ಸೂರೂ ಕಲ್ಲು. ಶಹಾಬಾದಿನ ಚಪ್ಪಡಿಗಳನ್ನು ಹೆಂಚಿನ ಬದಲು ಹೊದಿಸಿರುತ್ತಾರೆ. ಮಳೆ ಬಿದ್ದರೂ ಸದ್ದಾಗದ ಸೂರಿನ ಕೆಳಗೆ ಹೇಗೆ ಮಲಗುವುದು ಎಂಬುದೇ ನನಗೆ ಮೊದಲು ಬಂದ ಯೋಚನೆ. ಮಾಸ್ತರರು ಊರು, ಓದು ಎಲ್ಲ ವಿಚಾರಿಸಿ ಕೊನೆಗೆ ಊಟದ ವಿಷಯಕ್ಕೆ ಬಂದರು. ಮೀನುಗಾರರ ಮನೆಯವಳು ಎಂದು ಹೇಳಿದೆ. ಅವರು ಲಿಂಗಪೂಜೆಯ ಮನೆಯವರು. ನಾಳೆ ಹೇಳುತ್ತೇನೆ ಎಂದು ಕಳಿಸಿದರು. ಮರುದಿನ ಅವರ ಹೆಂಡತಿ ಜಗದೇವಕ್ಕ ಬೀಗದ ಕೈ ಕೊಟ್ಟು, ಮನೆಯೊಳಗೆ ಮೀನು ಮಾತ್ರ ಬೇಯಿಸಬೇಡಿ, ಹೊರಗೆ ಏನು ತಿಂದರೂ ನಾವು ಕೇಳುವುದಿಲ್ಲ ಎಂದರು. ಹೊರಗೆ ಎಲ್ಲಿ ತಿನ್ನಲಿ? ಅಮ್ಮ ಕಟ್ಟಿಕೊಟ್ಟಿದ್ದ ಒಣಸಿಗಡಿಯ ಪೊಟ್ಟಣವನ್ನು ಕಚೇರಿಯ ಕಪಾಟಿನಲ್ಲಿಟ್ಟು, ಆಗಾಗ ತೆರೆದು ವಾಸನೆ ನೋಡಿ ಮುಚ್ಚುತ್ತಿದ್ದೆ.

ಕುಚ್ಚಿಲಕ್ಕಿ ಗಂಜಿಯಿಂದ ಜೋಳದ ರೊಟ್ಟಿಗೆ ನನ್ನನ್ನು ದಾಟಿಸಿದವಳು ನಾಗಮ್ಮ. ಜಗದೇವಕ್ಕನ ಹೊಲಕ್ಕೆ ಕಳೆ ತೆಗೆಯಲು ಬರುವ ಐದಾರು ಹೆಂಗಸರಲ್ಲಿ ಅವಳೊಬ್ಬಳು. ನಲವತ್ತು ದಾಟಿರಬಹುದು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಒಬ್ಬಳೇ ಮಗಳನ್ನು ಶಹಾಬಾದಿನ ಬಳಿಯ ಭಂಕೂರಿಗೆ, ಕಲ್ಲಿನ ಕೆಲಸದವನಿಗೆ ಕೊಟ್ಟಿದ್ದಳು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ನಮ್ಮ ಕಟ್ಟೆಯ ಮೇಲೆ ಕೂರುವಳು. ನನ್ನ ರೊಟ್ಟಿ ಪ್ರತಿದಿನ ನಡುವೆ ಹರಿಯುವುದನ್ನು ನೋಡಲಾರದೆ ಒಳಗೆ ಬಂದು, ನೀರು ಕುದಿ ಬರುವ ಮೊದಲೇ ಹಿಟ್ಟು ಹಾಕುತ್ತಿದ್ದೀಯಲ್ಲ ಎಂದು ಬೈದು ಕಲಿಸಿದಳು. ಬದಲಿಗೆ ಅವಳು ಕೇಳುತ್ತಿದ್ದುದು ಸಮುದ್ರದ ಸಂಗತಿ. ಆಚೆಯ ದಡ ಕಾಣುವುದಿಲ್ಲ ಎಂದರೆ ನಂಬುತ್ತಿರಲಿಲ್ಲ. ಸನ್ನತಿಯಲ್ಲಿ ಭೀಮೆ ತುಂಬಿ ಬಂದಾಗ ಕೂಡ ಆಚೆಯ ದಡ ಕಂಡೇ ಕಾಣುತ್ತದೆ ಎಂದು ವಾದಿಸುತ್ತಿದ್ದಳು. ಬಂದ ಮೊದಲ ಏಳು ವಾರದಲ್ಲಿ ನಾನು ಇಲ್ಲಿ ಮನಬಿಚ್ಚಿ ನಕ್ಕದ್ದು ಅವಳೊಬ್ಬಳ ಜೊತೆ.

ಇಲ್ಲಿಯ ಮಳೆಯ ಬಗ್ಗೆ ಹೇಳಬೇಕು, ಏಕೆಂದರೆ ಅದು ನಮ್ಮದೇ ಮಳೆಯ ಇನ್ನೊಂದು ಮುಖ. ಅರಬ್ಬೀ ಸಮುದ್ರದಿಂದ ಬರುವ ಪಡುಗಾಳಿ ಘಟ್ಟ ಹತ್ತುವಾಗ ತನ್ನಲ್ಲಿರುವ ನೀರಿನ ಬಹುಪಾಲನ್ನು ನಮ್ಮ ಕರಾವಳಿಯ ಮೇಲೆ ಸುರಿಯುತ್ತದೆ. ಘಟ್ಟ ಇಳಿದ ಮೇಲೆ ಅದು ಬೆಚ್ಚಗಾಗುತ್ತ, ಒಣಗುತ್ತ ಈ ಬಯಲಿಗೆ ಬರುತ್ತದೆ. ಅಮ್ಮ ಫೋನಿನಲ್ಲಿ ‘ಒಲೆಗೆ ಒಣ ಕಟ್ಟಿಗೆಯೇ ಇಲ್ಲ’ ಎನ್ನುವ ಹೊತ್ತಿಗೆ ಅದೇ ಗಾಳಿ ಇಲ್ಲಿ ನನ್ನ ತುಟಿ ಒಡೆಸುತ್ತಿರುತ್ತದೆ. ಇಲ್ಲಿಗೆ ಒಳ್ಳೆಯ ಮಳೆ ಬರುವುದು ಹೆಚ್ಚಾಗಿ ಎದುರು ದಿಕ್ಕಿನಿಂದ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು, ಆ ಸುಳಿ ನೆಲವೇರಿ, ತೆಲಂಗಾಣ ದಾಟಿ ಸೇಡಂ, ಚಿಂಚೋಳಿಯ ಕಡೆಯಿಂದ ಒಳಗೆ ಬರಬೇಕು. ಕೆಲವು ವಾರ ಮುಂಗಾರಿನ ತಗ್ಗುಪಟ್ಟಿ, ಅಂದರೆ ಮಳೆ ತರುವ ಕಡಿಮೆ ಒತ್ತಡದ ಸಾಲು, ಉತ್ತರಕ್ಕೆ ಸರಿದು ಹಿಮಾಲಯದ ಬುಡದಲ್ಲಿ ನಿಂತುಬಿಡುತ್ತದೆ. ಆಗ ಇಲ್ಲಿ ಮಳೆಗಾಲದ ನಡುವೆಯೇ ಮಳೆ ನಿಲ್ಲುತ್ತದೆ. ಎಷ್ಟು ದಿನ ಎಂದು ಯಾರೂ ಖಚಿತವಾಗಿ ಹೇಳಲಾರರು. ಇದೆಲ್ಲ ನಾನು ತರಬೇತಿಯಲ್ಲಿ ಕಲಿತದ್ದು. ಮಾಸ್ತರರಿಗೆ ಕಾಗದದ ಮೇಲೆ ಬಾಣ ಗುರುತು ಹಾಕಿ ವಿವರಿಸಿದ್ದೆ ಕೂಡ. ಅವರು ಮೆಚ್ಚಿ ತಲೆಯಾಡಿಸಿದ್ದರು.

ಆ ವರ್ಷ ಆಗಸ್ಟಿನಲ್ಲಿ ಮಳೆ ಹಾಗೆ ನಿಂತಿತು. ಒಂದು ವಾರ, ಎರಡು, ಮೂರು. ಮಂಡಿಯೆತ್ತರ ಬೆಳೆದ ತೊಗರಿ ಮಧ್ಯಾಹ್ನವಾದರೆ ಎಲೆ ಮಡಚಿಕೊಳ್ಳುತ್ತಿತ್ತು. ಕಪ್ಪು ನೆಲದಲ್ಲಿ ಬೆರಳು ತೂರುವಷ್ಟು ಬಿರುಕು. ಆದರೂ ಕಳೆ ಮಾತ್ರ ಬಾಡಲಿಲ್ಲ. ಮಳೆ ಬರುವುದರೊಳಗೆ ಅದನ್ನು ತೆಗೆದು ಮುಗಿಸಬೇಕು ಎಂದು ಜಗದೇವಕ್ಕನಿಗೆ ಅವಸರ. ಮಳೆ ಬಿದ್ದರೆ ಆ ಮಣ್ಣಿನಲ್ಲಿ ಎಂಟು ದಿನ ಕಾಲಿಡಲಾಗದು.

ಆ ಗುರುವಾರ ಬೆಳಿಗ್ಗೆ ನಾನು ಕೇಂದ್ರಕ್ಕೆ ಹೊರಡುವಾಗ ಹೆಂಗಸರೆಲ್ಲ ಕಟ್ಟೆಯ ಬಳಿ ಸೇರಿದ್ದರು. ಜಗದೇವಕ್ಕ ಬಾಗಿಲಲ್ಲಿ ನಿಂತು ಸೆರಗು ಯಾವ ಕಡೆ ಹಾರುತ್ತದೆ ಎಂದು ನೋಡುತ್ತಿದ್ದರು.

“ಹವಾ ತಿರಗ್ಯಾದ ಅನಸ್ತದರಿ ಮೇಡಂ” ಎಂದರು. “ಮುಂಜಾನಿಯಿಂದ ಮೂಡಣ ಗಾಳಿ ಬರಲಿಕತ್ತದ. ಹೊಲಕ್ಕ ಹೋಗಬೇಕೋ ಬ್ಯಾಡೋ?”

ನನ್ನ ಅಪ್ಪ ನಲವತ್ತು ವರ್ಷ ದೋಣಿ ನಡೆಸಿದವರು. ಬೆಳಗಿನ ಹೊತ್ತು ಮೂಡಗಾಳಿ ಬೀಸಿದರೆ ಆಕಾಶ ತಿಳಿಯಾಗಿರುತ್ತದೆ, ಧೈರ್ಯವಾಗಿ ದೋಣಿ ಇಳಿಸಬಹುದು ಎಂಬುದು ಅವರಿಂದ ನನಗೆ ಅಕ್ಷರ ಕಲಿಯುವ ಮೊದಲೇ ಬಂದ ವಿದ್ಯೆ. ಕಾಗದದ ಮೇಲೆ ಹಾಕಿದ ಬಾಣಗಳು ಆ ಗಳಿಗೆಯಲ್ಲಿ ನೆನಪಿಗೆ ಬರಲಿಲ್ಲ. ಹಿಂದಿನ ದಿನದ ಮುನ್ಸೂಚನೆಯಲ್ಲಿ ಇನ್ನೂ ಮೂರು ದಿನ ಮಳೆ ಕಡಿಮೆ ಎಂದಿತ್ತು. ಕೆಳಗೆ ‘ಅಲ್ಲಲ್ಲಿ ಗುಡುಗು ಸಹಿತ’ ಎಂಬ ಸಾಲೂ ಇತ್ತು. ಎಷ್ಟೋ ದಿನಗಳಿಂದ ದಿನವೂ ಇರುತ್ತಿದ್ದ ಸಾಲಾದ್ದರಿಂದ ನಾನು ಅದನ್ನು ಓದುವುದನ್ನೇ ಬಿಟ್ಟಿದ್ದೆ.

“ಮೂಡಗಾಳಿ ಒಳ್ಳೆಯದೇ ಅಕ್ಕ, ಮಳೆ ಇನ್ನೂ ಮೂರು ದಿನ ಇಲ್ಲ. ಹೋಗಿ ಬನ್ನಿ” ಎಂದೆ.

“ಮೇಡಂ ಹೇಳ್ಯಾರಲ್ಲ, ಮತ್ತ್ಯಾಕ, ನಡೀರಿ” ಎಂದು ನಾಗಮ್ಮ ಬುತ್ತಿಯ ಗಂಟು ಎತ್ತಿಕೊಂಡಳು.

ಕೇಂದ್ರದಲ್ಲಿ ಬಾಣ ಮೂಡಣಕ್ಕೆ ತಿರುಗಿ ನಿಂತಿತ್ತು. ದಾಖಲೆಯ ವಹಿಯಲ್ಲಿ ‘ಪೂರ್ವ’ ಎಂದು ಬರೆದೆ. ಅದರ ಹಿಂದಿನ ಇಪ್ಪತ್ತು ಸಾಲುಗಳಲ್ಲೂ ‘ಪಶ್ಚಿಮ’ ಎಂದಿತ್ತು. ಬರೆದು, ಮಸಿ ಒಣಗಿಸಿ, ಚಹಾ ಕುಡಿದೆ.

ಎರಡು ಗಂಟೆಯ ಹೊತ್ತಿಗೆ ಸೆಕೆ ತಡೆಯದೆ ಹೊರಗೆ ಬಂದಾಗ ಸೇಡಂ ದಿಕ್ಕಿನಲ್ಲಿ ಮೋಡ ಗೋಡೆಯಂತೆ ಎದ್ದಿತ್ತು. ತುದಿ ಬಿಳಿ, ಬುಡ ನೀಲಿಗಪ್ಪು. ನೋಡುತ್ತಿದ್ದಂತೆ ಒಳಗೆ ಬೆಳಕು ಹೊಳೆಯಿತು. ಸದ್ದು ಬರಲು ತಡವಾಯಿತು, ಆದರೆ ಬಂತು. ಜಗದೇವಕ್ಕನಿಗೆ ಫೋನ್ ಮಾಡಿದೆ. ರಿಂಗಾಯಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದೆ. ಆಮೇಲೆ ತಿಳಿಯಿತು, ಫೋನು ಬುತ್ತಿಯ ಚೀಲದಲ್ಲಿ ಹೊಲದ ಬದುವಿನ ಮೇಲಿತ್ತು. ನಾಲ್ಕನೆಯ ಸಲಕ್ಕೆ ಸ್ಕೂಟರ್ ತೆಗೆದೆ. ಹೊಲ ಇರುವುದು ಕಾಗಿಣಾ ನದಿಯ ಕಡೆಗೆ ಹೋಗುವ ರಸ್ತೆಯಲ್ಲಿ, ಹದಿನೈದು ನಿಮಿಷದ ದಾರಿ. ಅರ್ಧ ದಾರಿಯಲ್ಲಿ ಮೊದಲ ಹನಿಗಳು ಬಿದ್ದವು. ಮಣ್ಣಿನ ವಾಸನೆ ಎದ್ದಿತು. ರಸ್ತೆಯ ಪಕ್ಕದ ಹೊಲದಲ್ಲಿ ಒಬ್ಬ ಮುದುಕ ಎರಡೂ ಕೈ ಚಾಚಿ ಮಳೆಗೆ ಮುಖವೊಡ್ಡಿ ನಿಂತಿದ್ದ. ಆಗ ಮುಂದುಗಡೆ ಬೆಳಕೂ ಸದ್ದೂ ಒಟ್ಟಿಗೇ ಬಿದ್ದವು.

ಹೊಲದ ನಡುವೆ ಇದ್ದುದು ಒಂದೇ ಬೇವಿನ ಮರ. ಮಳೆ ಜೋರಾದಾಗ ಎಲ್ಲರೂ ಅದರ ಕೆಳಗೆ ಓಡಿದ್ದರು. ನಾಗಮ್ಮ ಬೊಡ್ಡೆಗೆ ಒರಗಿ ಕುಳಿತಿದ್ದಳಂತೆ. ನಾನು ತಲುಪಿದಾಗ ಅವಳನ್ನು ಎಳೆದು ಬಯಲಿನಲ್ಲಿ ಮಲಗಿಸಿದ್ದರು. ಒಬ್ಬಳು ಅಂಗಾಲು ತಿಕ್ಕುತ್ತಿದ್ದಳು. ಗಾಯವೇನೂ ಕಾಣುತ್ತಿರಲಿಲ್ಲ. ಕೈಯ ಬಳೆಗಳು ಮಾತ್ರ ಒಡೆದಿದ್ದವು. ತರಬೇತಿಯಲ್ಲಿ ಹೇಳಿಕೊಟ್ಟಂತೆ ಎದೆ ಒತ್ತಿದೆ, ಬಾಯಿಗೆ ಉಸಿರು ಕೊಟ್ಟೆ, ತೋಳು ಸೋಲುವವರೆಗೆ ಒತ್ತಿದೆ. ಜಗದೇವಕ್ಕ ಸ್ವಲ್ಪ ದೂರದಲ್ಲಿ ಕೆಸರಿನಲ್ಲಿ ಕುಳಿತು ಎರಡೂ ಕಿವಿ ಮುಚ್ಚಿಕೊಂಡಿದ್ದರು. ಟ್ರ್ಯಾಕ್ಟರ್ ಬಂತು. ಆಸ್ಪತ್ರೆಯಲ್ಲಿ ಹೆಚ್ಚು ಹೊತ್ತು ಹಿಡಿಯಲಿಲ್ಲ, ಜೀವ ಹೊಲದಲ್ಲೇ ಹೋಗಿತ್ತು ಎಂದರು.

ಮರುದಿನ ಎಂಟೂವರೆಗೆ ಮಳೆಮಾಪಕ ತುಂಬಿತ್ತು. ಚಹಾದಂಗಡಿಯಲ್ಲಿ ಜನ ಛಲೋ ಮಳೆಯಾಯಿತು ಎಂದು ಒಬ್ಬರಿಗೊಬ್ಬರು ಹೇಳುತ್ತಿದ್ದರು. ಅವರ ಸಂತೋಷ ತಪ್ಪಲ್ಲ, ಆ ಮಳೆಯಿಲ್ಲದಿದ್ದರೆ ತೊಗರಿ ಉಳಿಯುತ್ತಿರಲಿಲ್ಲ. ನಾನು ಅಳೆದು ವಹಿ ತೆರೆದೆ. ಹಿಂದಿನ ದಿನದ ಸಾಲು ನನ್ನ ಕೈಬರಹದಲ್ಲೇ ಇತ್ತು. ಗಾಳಿ ನನಗೆ ಬೆಳಿಗ್ಗೆಯೇ ಹೇಳಿತ್ತು. ನಾನು ಅದನ್ನು ಗಂಗೊಳ್ಳಿಯ ಭಾಷೆಯಲ್ಲಿ ಓದಿದ್ದೆ.

ಮಳೆ ಎಂಟು ದಿನ ಬಿಡಲಿಲ್ಲ. ಚಿಂಚೋಳಿಯ ಕಡೆ ಸುರಿದದ್ದೆಲ್ಲ ಕಾಗಿಣೆಯಲ್ಲಿ ಇಳಿದು ಬಂದು ಸೇತುವೆಯ ಮೇಲೆ ಹರಿಯಿತು. ತೆಂಗಳಿಯಿಂದ ಬಂದವರು ಅಲ್ಲಿಯೂ ಹೊಲಗಳು ಕೆರೆಯಾಗಿವೆ ಎಂದರು. ಮಳೆ ಬೇಕೆಂದು ಕಾದ ತೊಗರಿ, ನಿಂತ ನೀರಿನಲ್ಲಿ ಬೇರು ಕೊಳೆತು ಹಳದಿಯಾಯಿತು. ಮೂರು ವಾರ ಸೊನ್ನೆ, ಎಂಟು ದಿನ ಪ್ರವಾಹ. ವರ್ಷದ ಕೊನೆಯಲ್ಲಿ ಕೂಡಿಸಿ ನೋಡಿದರೆ ಆ ಮಳೆಗಾಲ ಸಾಧಾರಣವೆಂದೇ ಕಾಗದದಲ್ಲಿ ಬಂತು.

ನೀರು ಇಳಿದ ಮೇಲೆ ನಾನೊಬ್ಬಳೇ ವಾಡಿ, ಶಹಾಬಾದ ದಾಟಿ ಭಂಕೂರಿಗೆ ಹೋದೆ. ನಾಗಮ್ಮನ ಮಗಳು ಭಾಗಮ್ಮ ಬಾಗಿಲಲ್ಲಿ ಕೂರಿಸಿ ನೀರು ಕೊಟ್ಟಳು. ತಾಯಿಯ ಮುಖವೇ. ನಾನು ಯಾರೆಂದು ಹೇಳಿದೆ. ಅವಳು ಕೇಳಿದಳು:

“ನಮ್ಮವ್ವ ನಿಮ್ಮನ್ನ ಕೇಳೇ ಹೊಲಕ್ಕ ಹೋಗಿದ್ದಳೇನ್ರಿ?”

ಹೌದು ಎಂದೆ. ಮಳೆ ಬರುವುದಿಲ್ಲವೆಂದು ನಾನೇ ಹೇಳಿದ್ದೆ ಎಂದೆ. ಅವಳು ನನ್ನ ಕೈಯಲ್ಲಿದ್ದ ಲೋಟವನ್ನು ತೆಗೆದುಕೊಂಡು ಒಳಗೆ ಹೋದಳು, ಮತ್ತೆ ಹೊರಗೆ ಬರಲಿಲ್ಲ. ಕಲ್ಲು ಕೊಯ್ಯುವ ಯಂತ್ರದ ಸದ್ದು ಕೇಳುತ್ತ ಬಹಳ ಹೊತ್ತು ಕೂತು, ಎದ್ದು ಬಂದೆ.

ಜಗದೇವಕ್ಕನ ಎಡಗಿವಿ ಸಿಡಿಲು ಬಿದ್ದ ದಿನದಿಂದ ಕೇಳುವುದಿಲ್ಲ. ಅವರೊಂದಿಗೆ ಮಾತಾಡಲು ನನಗೆ ಎರಡು ತಿಂಗಳು ಬೇಕಾಯಿತು. ಒಂದು ಸಂಜೆ ಅವರು ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಾಗ ಬಲಗಡೆ ಕುಳಿತು, ನಮ್ಮೂರಿನ ಮೂಡಗಾಳಿಯ ವಿಷಯ, ವಹಿಯ ವಿಷಯ, ಓದದೆ ಬಿಟ್ಟ ಸಾಲಿನ ವಿಷಯ ಎಲ್ಲ ಹೇಳಿದೆ. ಮೊರದ ಕೈ ನಿಲ್ಲಿಸದೆ ಕೇಳಿದರು.

“ಮೂಡಣ ಗಾಳಿ ಅಂದ್ರ ಏನಂತ ನನಗ ಗೊತ್ತಿರಲಿಲ್ಲ ಅಂತ ತಿಳದೀರೇನು?” ಎಂದರು ಕೊನೆಗೆ. “ಹುಟ್ಟಿದಾಗಿಂದ ನೋಡೀನಿ. ಆದ್ರ ಕಳೆ ಉಳದಿತ್ತು. ಹೋಗ್ರಿ ಅಂತ ಯಾರರ ಅನಬೇಕಾಗಿತ್ತು ನನಗ. ಅದಕ್ಕ ನಿಮ್ಮನ್ನ ಕೇಳಿದೆ.”

ಅದು ಸಮಾಧಾನದ ಮಾತಾಗಿರಲಿಲ್ಲ. ನಾವಿಬ್ಬರೂ ಅದರಿಂದ ಹಗುರಾಗಲಿಲ್ಲ. ಅಂದಿನಿಂದ ಒಂದೇ ಅಂಗಳದಲ್ಲಿ ಇದನ್ನು ಇಬ್ಬರೂ ಹೊತ್ತು ಓಡಾಡುತ್ತಿದ್ದೇವೆ, ಅಷ್ಟೇ.

ಈಗ ಮೂರನೆಯ ವರ್ಷ. ಬೆಳಿಗ್ಗೆ ಹೆಂಗಸರು ಕೇಳಿದರೆ ಮಳೆ ಬರುತ್ತದೆ, ಬರುವುದಿಲ್ಲ ಎಂದು ಹೇಳುವುದಿಲ್ಲ. ಗಾಳಿ ಯಾವ ಕಡೆಯದು, ಮುನ್ಸೂಚನೆಯಲ್ಲಿ ಗುಡುಗಿನ ಸಾಲಿದೆಯೇ, ನನಗೆ ಗೊತ್ತಿಲ್ಲದ್ದು ಯಾವುದು, ಇಷ್ಟನ್ನು ಹೇಳುತ್ತೇನೆ. ಗುಡುಗು ಕೇಳಿದರೆ ಒಂಟಿ ಮರದ ಕೆಳಗೆ ನಿಲ್ಲಬೇಡಿ, ಕೆಲಸ ಬಿಟ್ಟು ಸೂರಿನೊಳಗೆ ಹೋಗಿ ಎಂದು ಹಳ್ಳಿಹಳ್ಳಿ ತಿರುಗಿ ಹೇಳುತ್ತೇನೆ. ಕೆಲವರು ಕೇಳುತ್ತಾರೆ. ಬಯಲಿನ ನಡುವೆ ಹತ್ತಿರದ ಸೂರು ಎಲ್ಲಿದೆ ಎಂದು ಕೆಲವರು ತಿರುಗಿ ಕೇಳುತ್ತಾರೆ. ಕಳೆದ ವರ್ಷವೂ ಸೇಡಂ ತಾಲ್ಲೂಕಿನಲ್ಲಿ ಕುರಿ ಕಾಯುವವನೊಬ್ಬ ಸಿಡಿಲಿಗೆ ಸತ್ತ.

ಈ ಏಪ್ರಿಲಿನಲ್ಲಿ ಕರಾವಳಿಗೆ ವರ್ಗಾವಣೆಯ ಆದೇಶ ಬಂತು. ಬಂದ ಮೊದಲ ತಿಂಗಳಲ್ಲಿ ನಾನೇ ಹಾಕಿದ್ದ ಅರ್ಜಿಯ ಫಲ ಅದು. ಅಪ್ಪ ಫೋನಿನಲ್ಲಿ ಯಾವ ರೈಲಿಗೆ ಬರುತ್ತೀ ಎಂದು ಕೇಳಿದರು. ರಜೆ ಹಾಕಿ ಊರಿಗೆ ಹೋದೆ. ಮೀನು ತಿಂದೆ, ಕಡಲ ಸದ್ದಿನಲ್ಲಿ ಮಲಗಿದೆ. ಆದರೆ ನೆರೆಮನೆಯವರು ನನ್ನ ಮಾತು ಕೇಳಿ ‘ಬಡಗಣದವಳಾದೆಯಲ್ಲ’ ಎಂದರು. ಚಿತ್ತಾಪುರದ ಮೋಡ ಎಲ್ಲಿಯವರೆಗೆ ಬಂದಿದೆಯೆಂದು ದಿನಕ್ಕೆ ನಾಲ್ಕು ಸಲ ಫೋನಿನಲ್ಲಿ ನೋಡುತ್ತಿದ್ದುದನ್ನು ಅಮ್ಮ ಗಮನಿಸಿದರು. ತಿರುಗಿ ಬಂದು, ವರ್ಗಾವಣೆಯನ್ನು ಒಂದು ವರ್ಷ ಮುಂದಕ್ಕೆ ಹಾಕಿ ಎಂದು ಬರೆದುಕೊಟ್ಟೆ.

ಜಗದೇವಕ್ಕನಿಗೆ ಅದನ್ನು ತಿಳಿಸಿದಾಗ ಅವರು ಬಲಗಿವಿಯನ್ನು ನನ್ನ ಕಡೆಗೆ ತಿರುಗಿಸಿ ಇನ್ನೊಮ್ಮೆ ಹೇಳಿಸಿಕೊಂಡರು.

“ಇರೂದಿದ್ರ ಇರ್ರಿ, ಮನಿ ನಿಮ್ಮದೇ ಅದ” ಎಂದರು. “ಆದ್ರ ನಾಗಮ್ಮನ ಸಲುವಾಗಿ ಇರಬ್ಯಾಡ್ರಿ. ಆಕಿ ನಿಮ್ಮನ್ನ ಕೇಳಲಿಕ್ಕ ಬರೂದಿಲ್ಲ.”

ಹಾಗಾದರೆ ಯಾರ ಸಲುವಾಗಿ ಇದ್ದೇನೆ ಎಂದು ಅವರು ಕೇಳಲಿಲ್ಲ. ಗಂಗೊಳ್ಳಿಯಲ್ಲಿ ಅಮ್ಮನೂ ಕೇಳಿರಲಿಲ್ಲ. ಮರುದಿನ ಬೆಳಿಗ್ಗೆ ಹೆಂಗಸರು ಕಟ್ಟೆಗೆ ಬರುವ ಮೊದಲೇ ಹೊರಗೆ ಬಂದು, ಗಾಳಿ ಯಾವ ಕಡೆಯದು ಎಂದು ನೋಡಿದೆ.