ದೊಡ್ಡವ್ವನ ಕರಿ ನಾಕು

ಇಳಕಲ್ಲಿನಲ್ಲಿ ಮದುವೆ ಮನೆಗಳಿಗೆ ಸೌಂಡ್ ಬಾಕ್ಸ್ ಬಾಡಿಗೆ ಕೊಡುತ್ತಿದ್ದ ನಾನು, ಎರಡು ಸಾವಿರದ ಹತ್ತನೇ ಇಸವಿಯ ಹೊತ್ತಿಗೆ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಕೊಂಡು ಡಿಜೆ ಆದೆ. ಹಾಡಿಗೆ ಹಾಡು ಜೋಡಿಸುವ ಸಾಫ್ಟ್‌ವೇರ್ ಹಾಕಿದ ದಿನವೇ ಅದು ಕೇಳಿತು: ಹಾಡುಗಳ ಶ್ರುತಿಯನ್ನು ಹೇಗೆ ತೋರಿಸಲಿ? ಇಂಗ್ಲಿಷ್ ಅಕ್ಷರಗಳಲ್ಲೋ, ಗಡಿಯಾರದಂತೆ ಒಂದರಿಂದ ಹನ್ನೆರಡರ ಅಂಕಿಗಳಲ್ಲೋ, ಇಲ್ಲಾ ಹೆಸರುಗಳನ್ನು ನೀನೇ ಬರೆದುಕೊಳ್ಳುತ್ತೀಯೋ? ಶ್ರುತಿ ಹೊಂದದ ಎರಡು ಹಾಡು ಜೋಡಿಸಿದರೆ ಎತ್ತು ಏರಿಗೆ, ಕೋಣ ನೀರಿಗೆ ಎಳೆದಂತೆ ಎಂಬುದು ನನಗೆ ಗೊತ್ತಿತ್ತು. ಆದರೆ ಅಕ್ಷರ ನೋಡಿದರೆ ಎಸ್ಸೆಸ್ಸೆಲ್ಸಿಯ ಇಂಗ್ಲಿಷ್ ಪೇಪರ್ ನೆನಪಾಗುತ್ತಿತ್ತು, ಗಡಿಯಾರ ನೋಡಿದರೆ ಹಸಿವಾಗುತ್ತಿತ್ತು.

ದೊಡ್ಡಪ್ಪನನ್ನು ಕೇಳಿದೆ. ಅವನು ಸೀರೆ ನೇಯುವವನು, ಓಣಿಯ ಭಜನೆಗೆ ಪೇಟಿ ನುಡಿಸುವವನು. ಹಾರ್ಮೋನಿಯಂಗೆ ನಮ್ಮಲ್ಲಿ ಪೇಟಿ ಎನ್ನುತ್ತಾರೆ, ಬೆರಳಿಡುವ ಪಟ್ಟಿಗಳಿಗೆ ಮನೆ.

"ಪೇಟಿ ಮ್ಯಾಲ ಬಿಳಿ ಮನಿ ಅದಾವ, ಕರಿ ಮನಿ ಅದಾವ. ಎಣಿಸಿ ಬರದ್ರ ಆತು. ಇದಕ್ಯಾಕ ಇಷ್ಟ ತಲಿ ಕೆಡಿಸ್ಕೋತಿ?" ಎಂದ.

ನಮ್ಮ ಭಜನೆಯವರೆಲ್ಲ ಹೇಳುವುದು ಹಾಗೆಯೇ: ಬಿಳಿ ಒಂದು, ಕರಿ ಎರಡು. ಹಾಡುವವರ ದನಿಗೂ ಅದೇ ಲೆಕ್ಕ. ಪಕ್ಕದಲ್ಲಿ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದ ದೊಡ್ಡವ್ವ ರಾಟಿ ನಿಲ್ಲಿಸಿ, "ನಂದು ಕರಿ ನಾಕು. ಮದಿವಿ ಆಗಿ ಬಂದಾಗಿಂದ ಅದ," ಎಂದಳು. ಯಾರೂ ಕೇಳಿರಲಿಲ್ಲ. ಹೊಸದಾಗಿ ಸಿಕ್ಕವರಿಗೂ ಮೂರನೆಯ ಮಾತಿನೊಳಗೆ ಈ ಸುದ್ದಿ ಮುಟ್ಟುತ್ತಿತ್ತು. ಅವಳ ವಾರಗೆಯವರೆಲ್ಲ ವಯಸ್ಸಾದಂತೆ ಒಬ್ಬೊಬ್ಬರಾಗಿ ಬಿಳಿ ಮೂರಕ್ಕೆ ಇಳಿದಿದ್ದರು. ಗಂಟಲಿನ ಆಪರೇಶನ್ ಆದ ಮೇಲೂ ತಾನು ಇಳಿದಿಲ್ಲ ಎಂಬುದೇ ಅವಳ ಹೆಮ್ಮೆ.

ಸಾಫ್ಟ್‌ವೇರಿಗೆ ಪೇಟಿಯ ಮನೆಗಳ ಹೆಸರನ್ನೇ ಬರೆದುಕೊಟ್ಟೆ, ಆದರೆ ಯಾವ ಹಾಡಿಗೆ ಯಾವ ಮನೆ ಎಂಬುದಕ್ಕೆ ಅದಕ್ಕಿಂತ ದೊಡ್ಡಪ್ಪನ ಕಿವಿಯನ್ನೇ ನಂಬಿದೆ. ಹದಿನೈದು ದಿನ, ಮಧ್ಯಾಹ್ನದ ಊಟವಾದ ಮೇಲೆ ಕುಳಿತೆವು. ನಾನು ಹಾಡು ಹಚ್ಚುವುದು, ದೊಡ್ಡಪ್ಪ ಒಂದು ಕೈಯಲ್ಲಿ ಗಾಳಿ ಹಾಕುತ್ತ ಇನ್ನೊಂದು ಕೈಯಿಂದ ಷಡ್ಜ ಹುಡುಕಿ ಮನೆ ಹೇಳುವುದು, ನಾನು ಬರೆದುಕೊಳ್ಳುವುದು. ಕುಣಿಯುವ ಹಾಡು ಬಂದರೆ ಹಾಗಲಕಾಯಿ ತಿಂದವನ ಮುಖ ಮಾಡುತ್ತಿದ್ದ. "ಇದಕ್ಕ ಷಡ್ಜ ಎಲ್ಲೈತಲೇ, ಬರೇ ಹೊಡತ ಐತಿ," ಎನ್ನುತ್ತಿದ್ದ. ಆದರೂ ಹುಡುಕದೆ ಬಿಡುತ್ತಿರಲಿಲ್ಲ. ಆ ಮಧ್ಯಾಹ್ನಗಳ ಸುಖ ನನಗೆ ಆಮೇಲೆ ಯಾವ ಮದುವೆಯ ಗದ್ದಲದಲ್ಲೂ ಸಿಗಲಿಲ್ಲ.

ಎಲ್ಲ ಮುಗಿದ ಮೇಲೆ, ಸಾಫ್ಟ್‌ವೇರ್ ತಾನೇ ಗುರುತಿಸಿದ ಶ್ರುತಿಗಳ ಜೊತೆ ಹೋಲಿಸಿದೆ. ದೊಡ್ಡಪ್ಪ ಹೇಳಿದ್ದೆಲ್ಲ ಒಂದೊಂದು ಮನೆ ಮೇಲಿತ್ತು. ಅದು ಬಿಳಿ ಐದು ಎಂದಲ್ಲಿ ಇವನದು ಅದರ ಪಕ್ಕದ ಕರಿ ನಾಕು. ಅಂದರೆ ಅವನ ಪೇಟಿಯ ಕರಿ ನಾಕು ನುಡಿಯುತ್ತಿದ್ದದ್ದು ಬಿಳಿ ಐದರ ಸ್ವರ. ಎಲ್ಲವೂ ಅಷ್ಟಷ್ಟೇ ಸರಿದಿದ್ದರಿಂದ ಹಾಡು ಜೋಡಿಸಲು ಏನೂ ತೊಂದರೆ ಇರಲಿಲ್ಲ. ಆದರೆ ನನಗೆ ಮೊದಲಿನಿಂದಲೂ ತಪ್ಪು ಹಿಡಿಯುವ ಚಟ. ಹೋಗಿ, "ದೊಡ್ಡಪ್ಪ, ನಿನ್ನ ಪೇಟಿ ಶ್ರುತಿ ಇಳದೈತಿ ನೋಡು," ಎಂದೆ, ಗಟ್ಟಿಯಾಗಿಯೇ.

ಅವನು ಒಳಗಿನ ರಾಟಿಯ ಸದ್ದಿಗೆ ಕಿವಿಗೊಟ್ಟ. ಅದು ನಿಂತಿಲ್ಲವೆಂದು ಖಾತ್ರಿಯಾದ ಮೇಲೆ ನನ್ನನ್ನು ಹೊರಗಿನ ಕಟ್ಟೆಗೆ ಕರೆದೊಯ್ದ.

"ಇಳದಿಲ್ಲ, ಇಳಿಸೇನಿ. ಆಪರೇಶನ್ ಆದ ಮ್ಯಾಲ ಆಕಿಗೆ ಕರಿ ನಾಕು ಮುಟ್ಟಲಿಲ್ಲ. ಎರಡ ತಿಂಗಳ ಹಾಡಾಕ ಬಾಯೇ ತಗೀಲಿಲ್ಲ. ಪೇಟಿ ಬಾಗಲಕೋಟಿಗೆ ಒಯ್ದು, ಎಲ್ಲಾ ಸ್ವರ ಒಂದೊಂದು ಮನಿ ಕೆಳಗ ಮಾಡಿಸ್ಕೊಂಡು ಬಂದೆ. ಆಕಿ ಹಾಡಿದ್ಲು. ಇನ್ನ ನೀ ಬಾಯಿ ಬಿಟ್ಟಿ ಅಂದ್ರ ನೋಡು."

ಬಾಯಿ ಬಿಡಲಿಲ್ಲ. ಆದರೆ ಚೊಳಚಗುಡ್ಡದಲ್ಲಿ ದೊಡ್ಡವ್ವನ ತಮ್ಮನ ಮಗಳ ಮದುವೆ ಬಂತು. ಸೌಂಡ್ ನನ್ನದು. ಗಂಡಿನವರು ಬಾದಾಮಿಯಿಂದ ಕೀಬೋರ್ಡ್ ನುಡಿಸುವವನನ್ನು ಕರೆಸಿದ್ದರು, ಹಾಗಾಗಿ ಪೇಟಿ ಮನೆಯಲ್ಲೇ ಉಳಿಯಿತು. ಸೋಬಾನೆ ಹಾಡಲು ದೊಡ್ಡವ್ವ ಎದ್ದಳು. ಯಾವ ಶ್ರುತಿ ಎಂದು ಕೀಬೋರ್ಡಿನವನು ಕೇಳಿದ. "ಕರಿ ನಾಕು," ಎಂದಳು, ಮೈಕಿನಲ್ಲೇ, ಇಡೀ ಹಂದರಕ್ಕೆ ಕೇಳುವಂತೆ.

ಹಂದರದ ಆ ತುದಿಯಲ್ಲಿ ದೊಡ್ಡಪ್ಪ ಕುರ್ಚಿಯಿಂದ ಅರ್ಧ ಎದ್ದು ನಿಂತಿದ್ದ. ನಾನು ವೈರ್ ಸರಿ ಮಾಡುವವನಂತೆ ಹೋಗಿ ಬಗ್ಗಿ, ಕೀಬೋರ್ಡಿನ ಎಲ್ಲ ಸ್ವರಗಳನ್ನೂ ಒಮ್ಮೆಲೇ ಒಂದೊಂದು ಮನೆ ಇಳಿಸುವ ಬಟನ್ ಒಂದು ಸಲ ಒತ್ತಿದೆ. ಕೀಬೋರ್ಡಿನವನು ಹುಬ್ಬು ಗಂಟಿಕ್ಕಿ ನನ್ನನ್ನು ನೋಡಿದ. "ಹಂಗ ಇರ್ಲಿ ಅಣ್ಣಾ, ಕೈಮುಗಿತೇನಿ," ಎಂದು ಪಿಸುಗುಟ್ಟಿದೆ. ಪುಣ್ಯಾತ್ಮ, ಯಾಕೆ ಎಂದು ಕೇಳಲಿಲ್ಲ.

ದೊಡ್ಡವ್ವ ಹಾಡಿದಳು. ಎತ್ತರದ ಸಾಲಿನಲ್ಲೂ ದನಿ ಒಡೆಯಲಿಲ್ಲ. ಆಮೇಲೆ ಗಂಡನ ಹತ್ತಿರ ಬಂದು, "ಕೀಬೋರ್ಡ್ ಮ್ಯಾಲೂ ಕರಿ ನಾಕ ನೋಡ್ರಿ," ಎಂದಳು.

"ಕೇಳಿದ್ನಲ್ಲ," ಎಂದ ದೊಡ್ಡಪ್ಪ ಟವೆಲಿನಿಂದ ಮುಖ ಒರೆಸಿಕೊಂಡ.

ಈಗ ಇಬ್ಬರೂ ಇಲ್ಲ. ನನ್ನ ಕಂಪ್ಯೂಟರ್ ಮೂರು ಸಲ ಬದಲಾಗಿದೆ. ಹುನಗುಂದದ ಡಿಜೆ ಒಬ್ಬ ನನ್ನ ಹಾಡುಗಳನ್ನು ಕಾಪಿ ಮಾಡಿಕೊಂಡು ಹೋಗಿ, "ಅಣ್ಣಾರ, ನಿಮ್ಮ ಶ್ರುತಿ ಎಲ್ಲಾ ಒಂದೊಂದು ಮನಿ ತಪ್ಪ್ಯಾವ್ರಿ," ಎಂದು ಫೋನ್ ಮಾಡಿದ. ತಿದ್ದಿಕೊಳ್ಳಲು ಹೇಳಿದೆ. ನಾನು ತಿದ್ದಿಲ್ಲ. ಹೊಸ ಹಾಡು ಬಂದರೆ ಇಂದಿಗೂ ಕಂಪ್ಯೂಟರ್ ಹೇಳಿದ್ದಕ್ಕಿಂತ ಒಂದು ಮನೆ ಮೇಲೆ ಬರೆದುಕೊಳ್ಳುತ್ತೇನೆ. ನಮ್ಮ ದೊಡ್ಡವ್ವನದು ಕರಿ ನಾಕು.