ಅಣ್ಣನ ಜೀನ್ ರಿಪೋರ್ಟು

ಮೊನ್ನೆ ಬಸ್ಸಿನಲ್ಲಿ ಪಕ್ಕದವರ ಅಂಗಿಯಿಂದ ಮಷೀನ್ ಎಣ್ಣೆಯ ವಾಸನೆ ಬಂತು ನೋಡಿ, ನಾನು ಇಳಿಯಬೇಕಾದ ಜಾಲಹಳ್ಳಿ ದಾಟಿಯೇ ಹೋಯಿತು. ಅಣ್ಣನ ಅಂಗಿಗೂ ಅದೇ ವಾಸನೆ. ಪೀಣ್ಯದ ಒಂದು ಬೋಲ್ಟ್ ಕಾರ್ಖಾನೆಯಲ್ಲಿ ಅವನು ಇನ್‌ಸ್ಪೆಕ್ಷನ್ ನೋಡಿಕೊಳ್ಳುತ್ತಿದ್ದ.

ಅವನು ಕಾಯಿಲೆ ಬಿದ್ದ ವರ್ಷ, ಒಂದು ದಿನ ಡಾಕ್ಟರ ಎದುರು ಮೂವರು ಕೂತಿದ್ದೆವು: ಅಣ್ಣ, ಅತ್ತಿಗೆ, ನಾನು. ಅಣ್ಣನಿಗೆ ತೀವ್ರ ರಕ್ತ ಕ್ಯಾನ್ಸರ್; ಮೊದಲ ಕೀಮೋ ಮುಗಿದು ಕಾಯಿಲೆ ಅಡಗಿತ್ತು. ಶುರುವಿನಲ್ಲಿ ತೆಗೆದ ರಕ್ತದಲ್ಲಿ ಯಾವುದೋ ಜೀನ್ ಎಷ್ಟು ಚುರುಕಾಗಿದೆ ಎಂಬ ರಿಪೋರ್ಟು ಹಿಂದಿನ ದಿನ ಬಂದಿತ್ತು. ‘ಹೈ’ ಎಂದಿತ್ತು. ಹಿಮೋಗ್ಲೋಬಿನ್ ಏರಲಿ, ಪ್ಲೇಟ್‌ಲೆಟ್ ಏರಲಿ ಎಂದು ಹರಕೆ ಹೊತ್ತ ಮನೆ ನಮ್ಮದು. ಏರಿದ್ದೆಲ್ಲ ಒಳ್ಳೆಯದೇ ಎಂದುಕೊಂಡ ನಾನು ಸಿಂಗಸಂದ್ರದ ಚಿಕ್ಕಮ್ಮನವರೆಗೆ ಎಲ್ಲರಿಗೂ ಫೋನು ಮಾಡಿ ಶುಭ ಸುದ್ದಿ ಹಂಚಿಬಿಟ್ಟಿದ್ದೆ!

"ಜಾಸ್ತಿ ಇದ್ರೆ ಒಳ್ಳೇದಲ್ವಾ ಡಾಕ್ಟ್ರೇ?" ಅತ್ತಿಗೆ ಕೇಳಿದರು.

"ಇಲ್ಲಮ್ಮಾ. ಈ ಜೀನ್ ಚುರುಕಾಗಿರೋವ್ರಲ್ಲಿ ಕಾಯಿಲೆ ವಾಪಸ್ ಬರೋದು ಜಾಸ್ತಿ. ಬರೀ ಕೀಮೋ ಸಾಲ್ದೇ ಇರಬಹುದು. ಈ ತಂಗಿ ಮೂಳೆ ಮಜ್ಜೆ ಇವ್ರಿಗೆ ಮ್ಯಾಚ್ ಆಗಿದೆ, ಕಸಿ ಮಾಡೋಣ ಅನ್ಸುತ್ತೆ. ಅದ್ರಲ್ಲೂ ಜೀವಕ್ಕೆ ಅಪಾಯ ಇದೆ, ಸೋಂಕು ಬೇಗ ತಗಲುತ್ತೆ."

ಅಣ್ಣ ಕನ್ನಡಕ ಒರೆಸಿಕೊಂಡ. "ನಾವು ಹತ್ತು ಬೋಲ್ಟ್ ಅಳೆದು ಇಡೀ ಲಾಟ್‌ಗೆ ಪಾಸ್ ಹಾಕ್ತಿದ್ವಿ ಸಾರ್. ನೀವು ಊರೆಲ್ಲ ರೋಗಿಗಳ ಲಾಟ್ ಅಳೆದು ನನ್ನೊಂದು ಬೋಲ್ಟ್ ಬಗ್ಗೆ ಹೇಳ್ತಿದೀರಲ್ಲ?"

"ಹೌದು. ನೀವು ಯಾವ ಬೋಲ್ಟು ಅಂತ ನನಗೂ ಗೊತ್ತಿಲ್ಲ."

ಹೊರಗೆ ಬೆಂಚಿನ ಮೇಲೆ ಅಣ್ಣ ನನ್ನತ್ತ ತಿರುಗಿದ. "ನೀನೇ ಹೇಳೇ, ಹೂಂ ಅನ್ಲಾ, ಬೇಡ ಅನ್ಲಾ?"

ಸೀರೆಯ ಬಣ್ಣದಿಂದ ಹಿಡಿದು ಪಕ್ಕದ ಮನೆಯ ಸಂಬಂಧದವರೆಗೆ ಕೇಳದೆಯೇ ಸಲಹೆ ಕೊಡುವ ಬಾಯಿ ನನ್ನದು. ಅವತ್ತು ಎರಡನ್ನೂ ತೂಗಿ ನೋಡಿದೆ. ಹೂಂ ಎಂದರೆ ಕಸಿ ಕೈಕೊಟ್ಟೀತು. ಬೇಡ ಎಂದರೆ ಕಾಯಿಲೆ ಮರಳೀತು.

"ನಾನಂತೂ ಕೊಡೋಕೆ ರೆಡಿ ಕಣಣ್ಣ" ಎಂದೆ. ಅದು ಉತ್ತರವೇ ಅಲ್ಲ.

"ಚಿಕ್ಕೋಳಿದ್ದಾಗ ಒಂದು ಕಡ್ಲೆಮಿಠಾಯಿ ಕೊಟ್ಟೋಳಲ್ಲ, ಈಗ ಮಜ್ಜೆ ಕೊಡ್ತಾಳಂತೆ!" ಎಂದು ಅತ್ತಿಗೆಯ ಕಡೆ ನೋಡಿ ನಕ್ಕ. ಎದ್ದು ಒಳಗೆ ಹೋಗಿ ಕಸಿಯ ಒಪ್ಪಿಗೆಗೆ ಸಹಿ ಹಾಕಿದ.

ಆ ರಿಪೋರ್ಟು ನಮಗೆ ದಾರಿ ತೋರಿಸಿತೋ, ದಾರಿ ತಪ್ಪಿಸಿತೋ? ಎಷ್ಟು ಸಲ ಯೋಚಿಸಿದರೂ ಒಂದು ಕಡೆ ನಿಲ್ಲುವುದಿಲ್ಲ. ನಿಮಗೇನಾದರೂ ತಿಳಿದರೆ ಹೇಳಿ.

ಕಸಿ ಹಿಡಿಯಿತು. ಐದನೆಯ ತಿಂಗಳು ಶ್ವಾಸಕೋಶದ ಸೋಂಕಿನಿಂದ ಅಣ್ಣ ತೀರಿಕೊಂಡ. ಮೂರನೆಯ ದಿನ, ಅವನು ಕೊನೆಗೆ ಕೊಟ್ಟಿದ್ದ ಮಜ್ಜೆಯ ಪರೀಕ್ಷೆಯ ಫಲಿತಾಂಶ ಬಂತು. ಕ್ಯಾನ್ಸರಿನ ಕಣ ಒಂದೂ ಇರಲಿಲ್ಲ.